ಹದಿನಾರು ಇಂಚಿನ ಮೆಟ್ಟಿಲು

ಕಾರ್ಗಲ್ ಕಾಲೊನಿ,
7-1-1962

ಪೂಜ್ಯ ಸೋದರಮಾವನವರಿಗೆ ಮೋಹಿನಿಯ ನಮಸ್ಕಾರಗಳು.

ದೀಪಾವಳಿಗೆ ನೀವು ಇಲ್ಲಿಗೆ ಬಂದು ಹೋದ ಮೇಲೆ ಮಕ್ಕಳ ಬಾಯಲ್ಲಿ ಮಂಗಳೂರಿನ ಮಾತು ಬಿಟ್ಟು ಬೇರೆ ಇಲ್ಲ. ಇವರು ಶರಾವತಿ ಯೋಜನೆಯ ಕೆಲಸಕ್ಕೆ ಸೇರಿದಂದಿನಿಂದ ನಾವು ಈ ತಗಡಿನ ಮನೆ ಬಿಟ್ಟು ಊರಿಗೆ ಬಂದಿಲ್ಲ. ಆರು ವರ್ಷದ ಬೂಬನಿಗೆ ಕ್ರೇನ್ ಗೊತ್ತು, ಡೈನಮೈಟ್ ಗೊತ್ತು. ಪೇಟೆ ಎಂದರೆ ಶಿವಮೊಗ್ಗದ ಆಸ್ಪತ್ರೆ ಮಾತ್ರ ಗೊತ್ತು. ಅವನಿಗೆ ರೈಲಿನ ಎಂಜಿನ್ ನೋಡಬೇಕು. ಶಶಿಪ್ರಭಾಳಿಗೆ ನಾಲ್ಕು ತುಂಬಿತು. ಅವಳಿಗೆ ಸಮುದ್ರ ಬೇಕು, ಐಸ್‌ಕ್ರೀಮ್ ಬೇಕು. ನನಗೆ ಹಂಪನಕಟ್ಟೆಯ ಸಂಜೆಯ ದೀಪಗಳನ್ನು ಅವರಿಗೆ ತೋರಿಸಬೇಕು.

ಇವರಿಗೆ ಎಪ್ರಿಲ್ 19ರಿಂದ 22ರವರೆಗೆ ರಜೆ ಸಿಕ್ಕಿದೆ. ನಾಲ್ಕು ದಿನ. ಎಲ್ಲಿಗೆ, ಯಾವಾಗ, ಹೇಗೆ ಎಂಬುದನ್ನು ನೀವೇ ಗೊತ್ತುಮಾಡಿ ಬರೆಯಿರಿ. ನೀವು ಮಾಡಿದ ಏರ್ಪಾಟು ತಪ್ಪುವುದಿಲ್ಲ ಎಂದು ಅಮ್ಮ ಯಾವಾಗಲೂ ಹೇಳುತ್ತಾಳೆ. ಬೂಬನ ಕಾಲಿನ ಬಗ್ಗೆ ಚಿಂತೆ ಬೇಡ. ಇವರು ಅವನನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತಾರೆ.

ನಿಮ್ಮ ಮೋಹಿನಿ


ಬೋಳಾರ, ಮಂಗಳೂರು,
21-1-1962

ಚಿ. ಸೌ. ಮೋಹಿನಿಗೆ ಆಶೀರ್ವಾದಗಳು.

ಪತ್ರ ತಲುಪಿತು. ನಿಮ್ಮ ಬರವು ನಮಗೆ ಸಂತೋಷದ ವಿಷಯ. ನಿನ್ನ ಅಮ್ಮ ಈಗಲೇ ಹಪ್ಪಳಕ್ಕೆ ಹಲಸಿನಕಾಯಿ ಗೊತ್ತುಮಾಡಿದ್ದಾಳೆ. ಎರಡು ಆದಿತ್ಯವಾರ ಸ್ಥಳಗಳನ್ನು ಪರಿಶೀಲಿಸಿ ಈ ಕೆಳಗಿನಂತೆ ನಿರ್ಧರಿಸಿದ್ದೇನೆ.

ಹದಿನೆಂಟರಂದು ಸಂಜೆ ಕಾರ್ಕಳದ ಕಡೆಯಿಂದ ಬರುವ ಬಸ್ಸಿನಲ್ಲಿ ಹಂಪನಕಟ್ಟೆಯವರೆಗೆ ಬರತಕ್ಕದ್ದಲ್ಲ. ಕುಲಶೇಖರದಲ್ಲಿ ಇಳಿಯಬೇಕು. ಅಲ್ಲಿಂದ ನಾನು ಜಟಕಾದಲ್ಲಿ ಕರೆತರುತ್ತೇನೆ. ಹತ್ತೊಂಬತ್ತರಂದು ಬೆಳಿಗ್ಗೆ ಆರು ಇಪ್ಪತ್ತರ ಮೊದಲ ಬಸ್ಸಿನಲ್ಲಿ ಪೇಟೆಗೆ. ರೈಲು ನಿಲ್ದಾಣವನ್ನು ಮುಂಬಾಗಿಲಿನಿಂದಲ್ಲ, ಸರಕಿನ ಗೇಟಿನಿಂದ ಪ್ರವೇಶಿಸಬೇಕು. ನಿಲ್ದಾಣದ ಮಾಸ್ತರರ ಅನುಮತಿ ಪಡೆದಿದ್ದೇನೆ. ಐಸ್‌ಕ್ರೀಮಿಗೆ ಹೋಟೆಲಿನ ಹಿಂದಿನ ಕೋಣೆ. ಇಪ್ಪತ್ತರಂದು ದೋಣಿಯಲ್ಲಿ ಬೆಂಗ್ರೆಗೆ, ಸಮುದ್ರಕ್ಕೆ. ಇಪ್ಪತ್ತೊಂದರಂದು ನಮ್ಮ ಹಂಚಿನ ಕಾರ್ಖಾನೆಯ ಎಂಜಿನ್ ಮನೆ. ಫೋರ್‌ಮನ್ ನಾನೇ ಆದ್ದರಿಂದ ಅಡ್ಡಿಯಿಲ್ಲ. ಇಪ್ಪತ್ತೆರಡು ವಿಶ್ರಾಂತಿ. ಲೈಟ್‌ಹೌಸ್ ಗುಡ್ಡವನ್ನು ಪಟ್ಟಿಯಿಂದ ತೆಗೆದಿದ್ದೇನೆ.

ಬೆಳಿಗ್ಗೆ ಎಂಟು ಗಂಟೆಯ ನಂತರ ಹಂಪನಕಟ್ಟೆಯಲ್ಲಿ ಇರಬಾರದು.

ಬೂಬನಿಗೆ ಸಂಬಂಧಿಸಿದ ಈ ಅಳತೆಗಳು ನನಗೆ ಬೇಕು: ಹಿಡಿಕೆ ಹಿಡಿದು ಎಷ್ಟು ಇಂಚಿನ ಮೆಟ್ಟಿಲು ಹತ್ತುತ್ತಾನೆ; ಎಷ್ಟು ನಿಮಿಷ ನಿಲ್ಲುತ್ತಾನೆ; ಕಾಲಿನ ಕಬ್ಬಿಣದ ಪಟ್ಟಿಯೊಂದಿಗೆ ಎಷ್ಟು ಗಜ ನಡೆಯುತ್ತಾನೆ. ಹೆಗಲ ಮೇಲೆ ಕೂರಿಸುವ ಏರ್ಪಾಟು ನನ್ನ ಯೋಜನೆಯಲ್ಲಿ ಇಲ್ಲ. ಕಾರಣಗಳನ್ನು ಬರೆದರೆ ಪತ್ರ ಉದ್ದವಾಗುತ್ತದೆ.

ದೂಮಪ್ಪ


ಕಾರ್ಗಲ್ ಕಾಲೊನಿ,
4-2-1962

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನೀವು ಕೇಳಿದ ಅಳತೆಗಳು: ಹನ್ನೆರಡು ಇಂಚು, ಹತ್ತು ನಿಮಿಷ, ನೂರೈವತ್ತು ಗಜ.

ಒಂದು ಮಾತು ಕೇಳಬಹುದೇ? ಎಲ್ಲವೂ ಬೆಳಗಾಗುವ ಮೊದಲೇ ಏಕೆ? ಹಂಪನಕಟ್ಟೆಯ ಅಂಗಡಿಗಳು ಆಗ ಬಾಗಿಲನ್ನೇ ತೆಗೆದಿರುವುದಿಲ್ಲ. ದೀಪಗಳ ಬಗ್ಗೆ ನಾನು ಮಕ್ಕಳಿಗೆ ತುಂಬ ಹೇಳಿದ್ದೇನೆ. ಒಂದು ಸಂಜೆಯಾದರೂ ಆಗದೇ?

ಮೋಹಿನಿ


(ಪೋಸ್ಟ್ ಕಾರ್ಡು)
ಬೋಳಾರ, 11-2-1962

ಚಿ. ಮೋಹಿನಿಗೆ ಆಶೀರ್ವಾದ. ಅಳತೆಗಳು ಸಮಾಧಾನಕರ. ಸಂಜೆ ಹಂಪನಕಟ್ಟೆಯಲ್ಲಿ ಜನ ಹೆಚ್ಚು. ಬೂಬನಿಗೆ ಅದು ಬೇಡ. ಮಕ್ಕಳು ದಣಿಯುತ್ತಾರೆಂಬ ಚಿಂತೆ ನಿನಗಿದ್ದರೆ ಮಧ್ಯಾಹ್ನ ನಿದ್ರೆಗೆ ಎರಡು ಗಂಟೆ ಇಟ್ಟಿದ್ದೇನೆ. ಯೋಜನೆಯಲ್ಲಿ ಬದಲಾವಣೆ ಇಲ್ಲ. ದೂಮಪ್ಪ.


ಕಾರ್ಗಲ್ ಕಾಲೊನಿ,
17-2-1962

ಮಾವನವರಿಗೆ,

ನಿಮ್ಮ ಕಾರ್ಡನ್ನು ಅಂಚೆಯವನು ಓದಿರಬಹುದು, ನೆರೆಯವರು ಓದಿರಬಹುದು. ‘ಜನ ಹೆಚ್ಚು. ಬೂಬನಿಗೆ ಅದು ಬೇಡ.’ ನಾನು ಅದನ್ನು ಹಲವು ಬಾರಿ ಓದಿದೆ. ಬೇರೆ ಅರ್ಥ ಸಿಗಲಿಲ್ಲ.

ಬೆಳಗಿನ ಜಾವದ ಬಸ್ಸು, ಸರಕಿನ ಗೇಟು, ಹೋಟೆಲಿನ ಹಿಂದಿನ ಕೋಣೆ, ಪೇಟೆಗೆ ಮೊದಲೇ ಕುಲಶೇಖರದಲ್ಲಿ ಇಳಿಸುವುದು. ಮೊದಲ ಪತ್ರದಲ್ಲೇ ನನಗೆ ತಿಳಿಯಬೇಕಿತ್ತು. ಇಲ್ಲಿ ಪಕ್ಕದ ಮನೆಯ ಹೆಂಗಸು, “ಹುಡುಗನಿಗೆ ಉದ್ದ ಪೈಜಾಮ ಹಾಕಮ್ಮ, ನೋಡಿದವರು ನಿನ್ನನ್ನೇ ಆಡಿಕೊಳ್ತಾರೆ” ಎಂದು ಹೇಳಿದಾಗ ನಾನು ಅವಳ ಜೊತೆ ಮಾತು ಬಿಟ್ಟೆ. ಈಗ ನಿಮಗೇನು ಹೇಳಲಿ?

ನಮ್ಮಲ್ಲಿ ಮನೆ ನಡೆಯುವುದು ಹೆಣ್ಣಿನ ಕಡೆಯಿಂದ. ಅಮ್ಮನ ನಂತರ ನಾನು, ನಿಮ್ಮ ನಂತರ ಯಜಮಾನಿಕೆಗೆ ಬೂಬ. ಅವನಿಗೆ ನಿಮ್ಮ ಮಾವನ ಹೆಸರಿಟ್ಟವರೂ ನೀವೇ. ಆ ಹೆಸರಿನವನು ಪೇಟೆಯ ಜನಕ್ಕೆ ಕಾಣಬಾರದೆಂದು ನಿಮಗೆ ಅನ್ನಿಸಿದರೆ, ನಮಗೆ ಮಂಗಳೂರೂ ಬೇಡ, ಎಂಜಿನೂ ಬೇಡ.

ನಾವು ಬರುವುದಿಲ್ಲ.

ಮೋಹಿನಿ


ಬೋಳಾರ, ಮಂಗಳೂರು,
11-3-1962

ಚಿ. ಸೌ. ಮೋಹಿನಿಗೆ ಆಶೀರ್ವಾದಗಳು.

ನಿನ್ನ ಪತ್ರಕ್ಕೆ ಉತ್ತರಿಸಲು ಮೂರು ವಾರ ಹಿಡಿಯಿತು. ಎರಡು ಬಾರಿ ಬರೆದು ಹರಿದೆ. ಕಾರ್ಖಾನೆಯಲ್ಲಿ ನಾನು ಒಂದು ಕೆಲಸ ಹೇಳಿದರೆ ಕಾರಣ ಕೇಳುವವರಿಲ್ಲ. ಆ ಅಭ್ಯಾಸ ಪತ್ರದಲ್ಲೂ ಬಂದಿದೆ. ತಪ್ಪು ನನ್ನದು. ಕಾರಣಗಳನ್ನು ಈಗ ಬರೆಯುತ್ತೇನೆ.

ನಗರದ ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಹದಿನಾರು ಇಂಚು. ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಮಾತ್ರ ಚಾಲಕ ಗಾಡಿಯನ್ನು ಅಂಗಡಿಯ ಕಟ್ಟೆಗೆ ತಾಗಿಸಿ ನಿಲ್ಲಿಸುತ್ತಾನೆ. ಆಗ ಅದು ಒಂಬತ್ತು ಇಂಚು. ಸಂಜೆ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ, ನಲವತ್ತು ಸೆಕೆಂಡು ಮಾತ್ರ; ಹಿಂದಿನಿಂದ ಜನ ನೂಕುತ್ತಾರೆ. ನಿಲ್ದಾಣದ ಮುಂಬಾಗಿಲಿಗೆ ಹಿಡಿಕೆಯಿಲ್ಲದ ಮೆಟ್ಟಿಲುಗಳಿವೆ. ಸರಕಿನ ಗೇಟಿನಲ್ಲಿ ಕೈಗಾಡಿಗಾಗಿ ಮಾಡಿದ ಇಳಿಜಾರು ಇದೆ. ಹೋಟೆಲಿನ ಹಿಂದಿನ ಕೋಣೆ ನೆಲದ ಮಟ್ಟದಲ್ಲಿದೆ. ಕುಲಶೇಖರದಲ್ಲಿ ಇಳಿಯುವ ಜಾಗ ಎತ್ತರ, ಬಸ್ಸು ನಿಧಾನವಾಗಿ ನಿಲ್ಲುತ್ತದೆ. ಲೈಟ್‌ಹೌಸ್ ಗುಡ್ಡದ ಏರು ಹನ್ನೆರಡು ಇಂಚಿನ ಶಕ್ತಿಗೆ ಮೀರಿದ್ದು.

ಬೂಬನನ್ನು ಜನರಿಂದ ಮರೆಮಾಡುವುದು ನನ್ನ ಉದ್ದೇಶವಾಗಿರಲಿಲ್ಲ. ಈ ನಾಲ್ಕು ದಿನ ಅವನನ್ನು ಯಾರೂ ಎತ್ತಬಾರದು. ಅಷ್ಟೇ ನನ್ನ ಉದ್ದೇಶ.

ಕೆಳಗಿನದು ನಿನ್ನ ಅಮ್ಮ ಹೇಳಿದ್ದು. ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು, ಕೊನೆಗೆ ಓದಿ ತೋರಿಸುವುದು ಈ ಮನೆಯ ಕ್ರಮವೆಂದು ನಿನಗೆ ಗೊತ್ತು. ಅವಳಿಗೆ ಅಕ್ಷರ ಬಾರದಿದ್ದರೂ ಒಂದು ವಾಕ್ಯ ಬಿಟ್ಟರೆ ಹಿಡಿಯುತ್ತಾಳೆ. ಮಾತು ತುಳು, ಕನ್ನಡ ನನ್ನದು. ಕಂಸದೊಳಗಿನ ತಿದ್ದುಪಡಿಯೂ ನನ್ನದು.

“ಮೋಹಿನೀ, ನಿನ್ನ ಕಾಗದ ಬಂದ ದಿನ ಇವನು ಊಟ ಮಾಡಲಿಲ್ಲ. (ಗಂಜಿ ಕುಡಿದಿದ್ದೆ.) ಗಂಜಿ ಊಟವಾ? ಅದನ್ನೂ ಬರೆ ಅಣ್ಣ, ಬಿಡಬೇಡ. ನಿನ್ನ ಮಾವ ಎಂತ ಮಾಡಿದ್ದಾನೆ ಅಂತ ನಿನಗೆ ಗೊತ್ತುಂಟಾ? ಹಂಚಿನ ಕೆಳಗೆ ಹಾಕುವ ಮರದ ರೀಪು ಇಲ್ವಾ, ಅದರ ಎರಡು ತುಂಡು ತಂದು ಬಲಗಾಲಿಗೆ ಕಟ್ಟಿಕೊಂಡ. ಮಂಡಿ ಮಡಚಲಿಕ್ಕೆ ಆಗಬಾರದಂತೆ. ಮೇಲೆ ಪಂಚೆ. ಹಾಗೇ ಕೋಲು ಹಿಡಿದು ಆದಿತ್ಯವಾರ ಆದಿತ್ಯವಾರ ಪೇಟೆಗೆ ಹೋಗ್ತಾನೆ. ಬಸ್ಸು ಹತ್ತುತ್ತಾನೆ, ಇಳೀತಾನೆ, ಮತ್ತೆ ಹತ್ತುತ್ತಾನೆ. ಟಿಕೆಟ್ ತೆಗೆದು ಎಲ್ಲಿಗೂ ಹೋಗುವುದಿಲ್ಲ ಮಾರಾಯ್ತಿ! ಕಂಡಕ್ಟರ್ ಮೊಯ್ದೀನಬ್ಬ ಕೇಳಿದ್ನಂತೆ, ‘ಎಂತ ಫೋರ್‌ಮನ್ರೆ, ವಾತವಾ? ಎಣ್ಣೆ ಹಾಕ್ಲಿಕ್ಕಿಲ್ವಾ?’ ಅಂತ. ಇವನು ಎಂತ ಹೇಳಿದ ಗೊತ್ತುಂಟಾ? ‘ಪರೀಕ್ಷೆ’ ಅಂತ. ಐವತ್ತೆರಡು ವರ್ಷಕ್ಕೆ ಎಂತ ಪರೀಕ್ಷೆ? ಹಂಪನಕಟ್ಟೆಯಲ್ಲಿ ಸಂಜೆ ಜನರ ಮಧ್ಯೆ ಬಿದ್ದ. (ಜಾರಿದೆ.) ಬಿದ್ದ ಅಂತ ಬರೆ! ರೀಪು ಹೊರಗೆ ಬಂತು, ಜನ ಎಲ್ಲ ನಗಾಡಿದ್ರು. ಹೂವಿನವಳು ಕೈ ಕೊಟ್ಟು ಎಬ್ಬಿಸಿದ್ದು. ನಾಚಿಕೆ ಆಗುವವ ಆದರೆ ಅವತ್ತೇ ಆಗಬೇಕಿತ್ತು. ಮರುವಾರ ಮತ್ತೆ ಹೋದ. ಅವನಿಗೆ ಬಾಯಿಲ್ಲ ಮಗಾ, ಇಂಚುಪಟ್ಟಿ ಮಾತ್ರ ಉಂಟು. ನೀನು ಮಕ್ಕಳನ್ನು ಕರಕೊಂಡು ಬಾ. ಬರದಿದ್ರೆ ಹಪ್ಪಳ ಎಲ್ಲ ಇವನಿಗೇ ತಿನ್ನಿಸ್ತೇನೆ.”

ಓದಿ ತೋರಿಸಿದ್ದೇನೆ. ಸರಿಯಿದೆ ಎಂದಿದ್ದಾಳೆ.

ದೂಮಪ್ಪ


ಕಾರ್ಗಲ್ ಕಾಲೊನಿ,
16-3-1962

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ಅಮ್ಮ ಹೇಳಿದ್ದನ್ನು ಇವರಿಗೆ ಓದಿ ಹೇಳುತ್ತಾ ನಕ್ಕೆ. ‘ಬಿದ್ದ ಅಂತ ಬರೆ’ ಎಂಬಲ್ಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ಉಳಿದುದನ್ನು ಇವರು ಓದಿದರು.

ಈಗ ನಾನು ನಿಮ್ಮಿಂದ ಬಚ್ಚಿಟ್ಟದ್ದನ್ನು ಹೇಳಬೇಕು. ನಾನು ಕಳುಹಿಸಿದ ಅಳತೆಗಳು ಹೋದ ವರ್ಷದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕಾಲಿನ ಪಟ್ಟಿ ಕೊಟ್ಟ ಹೊಸದರಲ್ಲಿ ಅವನು ಅಷ್ಟು ಮಾಡುತ್ತಿದ್ದ. ದೀಪಾವಳಿಯ ಮರುವಾರದಿಂದ ಆ ಪಟ್ಟಿ ಟ್ರಂಕಿನಲ್ಲಿದೆ. ಚರ್ಮ ಉಜ್ಜಿ ಗಾಯವಾಯಿತು ಎಂದು ತೆಗೆದೆ. ಗಾಯ ಹದಿನೈದು ದಿನಕ್ಕೆ ವಾಸಿಯಾಯಿತು. ಆಮೇಲೂ ಹಾಕಲಿಲ್ಲ. ಅದನ್ನು ಹಾಕಿದರೆ ನಡೆಯುವಾಗ ಶಬ್ದವಾಗುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ. ಇವರ ಹೆಗಲ ಮೇಲೆ ಕೂತರೆ ಅವನು ಎಲ್ಲ ಮಕ್ಕಳ ಹಾಗೆ ಕಾಣುತ್ತಾನೆ. ಪಕ್ಕದ ಮನೆಯವಳು ಬಾಯಲ್ಲಿ ಹೇಳಿದ್ದನ್ನು ನಾನು ಕೈಯಲ್ಲಿ ಮಾಡಿದ್ದೇನೆ ಮಾವ. ಅದನ್ನೇ ನಿಮ್ಮ ಮೇಲೆ ಹೊರಿಸಿದೆ.

ಇವತ್ತು ಬೆಳಿಗ್ಗೆ ಟ್ರಂಕು ತೆಗೆದೆ. ಪಟ್ಟಿಯ ತೊಗಲು ಗಟ್ಟಿಯಾಗಿತ್ತು. ಎಣ್ಣೆ ಹಚ್ಚಿ ಕಟ್ಟಿದೆ. ಬೂಬ ಬಾಗಿಲಿನಿಂದ ನೀರಿನ ಹಂಡೆಯವರೆಗೆ ನಡೆದ, ಇಪ್ಪತ್ತು ಗಜ ಇರಬಹುದು. ನಾಲ್ಕು ಇಂಚಿನ ಹೊಸ್ತಿಲು ದಾಟಿದ. ಅದಕ್ಕಿಂತ ಹೆಚ್ಚು ಆಗಲಿಲ್ಲ.

ನಾವು ಬರುತ್ತೇವೆ. ಆದರೆ ಒಂದು ಸಂಜೆ ಹಂಪನಕಟ್ಟೆ ಬೇಕು, ಜನ ತುಂಬಿರುವಾಗಲೇ. ಅವನಿಗಿಂತ ಅದು ನನಗೆ ಅಗತ್ಯ.

ನಿಮ್ಮ ಮೋಹಿನಿ


ಬೋಳಾರ,
20-3-1962

ಚಿ. ಸೌ. ಮೋಹಿನಿಗೆ ಆಶೀರ್ವಾದಗಳು.

ಸರಿಯಾದ ಅಳತೆ ತಡವಾಗಿ ಬಂದರೂ ಉಪಯೋಗಕ್ಕೆ ಬರುತ್ತದೆ. ನಿನ್ನ ಷರತ್ತನ್ನು ಒಪ್ಪಿದ್ದೇನೆ. ಇಪ್ಪತ್ತೊಂದರ ಸಂಜೆ ಆರು ಗಂಟೆ, ಹಂಪನಕಟ್ಟೆ.

ಇಪ್ಪತ್ತೊಂಬತ್ತು ದಿನಗಳಿವೆ. ನಮ್ಮ ಕಾರ್ಖಾನೆಯಲ್ಲಿ ಮರದ ಅಚ್ಚು ಮಾಡುವ ರುಡೊಲ್ಫ್ ಒಂದು ಪೆಟ್ಟಿಗೆ ಮಾಡಿಕೊಟ್ಟಿದ್ದಾನೆ. ಎತ್ತರ ಎಂಟು ಇಂಚು, ಮೇಲೆ ಹಗ್ಗದ ಹಿಡಿಕೆ. ಬಸ್ಸಿನ ಮುಂದೆ ಇಟ್ಟರೆ ಹದಿನಾರು ಇಂಚು ಎರಡು ಎಂಟು ಇಂಚುಗಳಾಗುತ್ತದೆ. ಅದರ ನಕ್ಷೆ ಇದರೊಂದಿಗಿದೆ. ನಿನ್ನ ಗಂಡ ಐತಪ್ಪನವರು ಯಂತ್ರ ಬಂದ ಪೆಟ್ಟಿಗೆಗಳ ಹಲಗೆಯಿಂದ ಅಂಥದೊಂದನ್ನು ಮಾಡಲಿ. ಅಡಿಗೆಮನೆಯ ಕಟ್ಟೆಯನ್ನು ಬಸ್ಸೆಂದು ತಿಳಿದು ಗೋಡೆಗೆ ಒಂದು ಸರಳು ಹೊಡೆಯಲಿ.

ಕ್ರಮ: ಎರಡೂ ಕೈ ಸರಳಿಗೆ. ಒಳ್ಳೆಯ ಕಾಲು ಮೊದಲು. ನಂತರ ಮೈಯನ್ನು ಮುಂದಕ್ಕೆ ಬಾಗಿಸಿ ಇನ್ನೊಂದನ್ನು ಎಳೆದುಕೊಳ್ಳುವುದು. ನಾನು ಬಿದ್ದದ್ದು ಕೆಟ್ಟ ಕಾಲು ಮೊದಲಿಟ್ಟಾಗ.

ಬಸ್ಸನ್ನು ಹೆಚ್ಚು ಹೊತ್ತು ನಿಲ್ಲಿಸುವಂತೆ ನಾನು ಯಾರನ್ನೂ ಕೇಳುವುದಿಲ್ಲ.

ದೂಮಪ್ಪ


ಕಾರ್ಗಲ್ ಕಾಲೊನಿ,
8-4-1962

ಪೂಜ್ಯ ಮಾವನವರಿಗೆ ನಮಸ್ಕಾರಗಳು.

ನಾಲ್ಕು ಇಂಚಿನಿಂದ ಆರಕ್ಕೆ, ಆರರಿಂದ ಎಂಟಕ್ಕೆ. ಎರಡು ಬಾರಿ ಬಿದ್ದ, ಒಮ್ಮೆ ತುಟಿ ಒಡೆಯಿತು. ಆ ದಿನ ಇವರು ಸರಳನ್ನೇ ಕೀಳಲು ಹೋದರು, ಬೂಬ ಬಿಡಲಿಲ್ಲ. ಶಶಿ ಪಕ್ಕದಲ್ಲಿ ಕೂತು ಎಣಿಸುತ್ತಾಳೆ. ಅವಳಿಗೆ ಇಪ್ಪತ್ತರ ನಂತರ ಬಾರದು, ಮತ್ತೆ ಒಂದರಿಂದ ಶುರು ಮಾಡುತ್ತಾಳೆ. ಇವತ್ತು ಮೂರು ಇಪ್ಪತ್ತಕ್ಕೆ ಹತ್ತಿದ, ಅಂದರೆ ಸುಮಾರು ಒಂದು ನಿಮಿಷ.

ಪಕ್ಕದ ಮನೆಯವಳು ಬಂದು ನೋಡಿದಳು. ‘ಶಬ್ದ ಆಗುತ್ತೆ ಅಲ್ವಾ’ ಅಂದಳು. ‘ಆಗುತ್ತೆ, ಇನ್ನೂ ಆಗುತ್ತೆ’ ಅಂದೆ.

ನಲವತ್ತು ಸೆಕೆಂಡಿಗೆ ಬರುತ್ತದೆಯೋ ಇಲ್ಲವೋ ತಿಳಿಯದು. ಹೊರಡುತ್ತೇವೆ.

ಮೋಹಿನಿ


(ಪೋಸ್ಟ್ ಕಾರ್ಡು)
ಬೋಳಾರ, 12-4-1962

ಚಿ. ಮೋಹಿನಿಗೆ ಆಶೀರ್ವಾದ. ಕುಲಶೇಖರದಲ್ಲಿ ಕಾಯುತ್ತೇನೆ. ಬೂಬ ಬಸ್ಸಿನಿಂದ ಇಳಿಯುವಾಗ ಐತಪ್ಪನವರ ಕೈಯಲ್ಲಿ ಸಾಮಾನು ತುಂಬ ಇರಲಿ. ದೂಮಪ್ಪ.


ಕಾರ್ಗಲ್ ಕಾಲೊನಿ,
27-4-1962

ಪೂಜ್ಯ ಮಾವನವರಿಗೆ, ಅಮ್ಮನಿಗೆ ನಮಸ್ಕಾರಗಳು.

ಸುಖವಾಗಿ ತಲುಪಿದ್ದೇವೆ. ಅಮ್ಮನಿಗೆ ಇದನ್ನು ಓದಿ ಹೇಳಿ.

ಬೂಬ ಕಾಲೊನಿಯ ಮಕ್ಕಳಿಗೆ ಎಂಜಿನಿನ ಕಥೆ ಹೇಳುವುದಿಲ್ಲ, ಬೆಂಗ್ರೆಯ ಕಥೆ ಹೇಳುತ್ತಾನೆ. ದಡದಲ್ಲಿ ಬಲೆ ಎಳೆಯುವವರ ಸಾಲಿನಲ್ಲಿ ಮರಳಿನ ಮೇಲೆ ಕೂತು ಅವನೂ ಹಗ್ಗ ಹಿಡಿದನಲ್ಲ, ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲು ಹಾಕುವಾಗ ಅವರ ಮುಖ್ಯಸ್ಥ ಗುರಿಕಾರರು ಅವನ ಮುಂದೆಯೂ ಒಂದು ಪಾಲು ಇಟ್ಟರಲ್ಲ. “ಅವ ಮಗು, ಅವನಿಗೆ ಯಾಕೆ” ಎಂದು ಯಾರೋ ಅಂದಾಗ ಅವರು, “ಹಗ್ಗಕ್ಕೆ ವಯಸ್ಸು ಉಂಟಾ? ಎಳೆದಿದ್ದಾನೆ, ಪಾಲು ಉಂಟು” ಎಂದರು. ಹದಿನೇಳು ಬೂತಾಯಿ ಮೀನು. ಅವನು ಲೆಕ್ಕ ಮರೆತಿಲ್ಲ.

ಇಪ್ಪತ್ತೊಂದರ ಸಂಜೆಯನ್ನು ನಾನು ಮರೆಯುವುದಿಲ್ಲ. ದೀಪ ಹತ್ತಿತ್ತು, ಜನ ತುಂಬಿದ್ದರು. ಪೆಟ್ಟಿಗೆ ಇಟ್ಟಿರಿ, ಬೂಬ ಸರಳು ಹಿಡಿದ. ಒಳ್ಳೆಯ ಕಾಲು ಪೆಟ್ಟಿಗೆಯ ಮೇಲೆ ಬಂತು. ಇನ್ನೊಂದು ಬರುವಷ್ಟರಲ್ಲಿ ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. “ಎತ್ತಿ ಹಾಕಿ ಮಾರಾಯ್ರೆ, ಟೈಮ್ ಆಯ್ತು!” ಎಂದು ಕಂಡಕ್ಟರ್ ಕೂಗಿದ. ಇವರ ಎರಡೂ ಕೈ ಮುಂದೆ ಹೋದವು. ನೀವು ಇವರ ಮಣಿಕಟ್ಟು ಹಿಡಿದಿರಿ. ಬೂಬ ಇಳಿದ. ಬಸ್ಸು ಹೋಯಿತು. ಅವನು ಅಳುತ್ತಾ, “ನನ್ನಿಂದಾಗಿ ಹೋಯ್ತು ಅಜ್ಜ” ಎಂದ. ನೀವು, “ಇನ್ನೊಂದು ಉಂಟು” ಎಂದಿರಿ, ಅಷ್ಟೇ. ನೀವು ಗಡಿಯಾರ ನೋಡಲಿಲ್ಲ. ನನ್ನ ನೆನಪಿನಲ್ಲಿ ಬಸ್ಸು ತಪ್ಪಿದಾಗ ನೀವು ಗಡಿಯಾರ ನೋಡದ ದಿನ ಅದೊಂದೇ.

ಎರಡನೆಯದರಲ್ಲಿ ಮೊಯ್ದೀನಬ್ಬನವರು ಇದ್ದರು. ಅವರು ಪೆಟ್ಟಿಗೆಯನ್ನೂ ನಿಮ್ಮ ಮುಖವನ್ನೂ ನೋಡಿದರು. “ಓ, ಪರೀಕ್ಷೆ ಇದಕ್ಕಾ ಫೋರ್‌ಮನ್ರೆ!” ಎಂದವರೇ ರಸ್ತೆಗೆ ಇಳಿದು, ಎರಡೂ ಕೈ ಅಗಲಿಸಿ ಜನರನ್ನು ತಡೆದು, “ನಿಲ್ಲಿ, ನಿಲ್ಲಿ. ಒಬ್ಬರು ಹತ್ತುತ್ತಾ ಇದ್ದಾರೆ” ಎಂದರು. ಆರು ವರ್ಷದವನಿಗೆ ‘ಒಬ್ಬರು’. ಎಲ್ಲರೂ ನೋಡುತ್ತಿದ್ದರು. ಬೂಬ ಹತ್ತಿದ, ಪಟ್ಟಿಯ ಶಬ್ದ ಎಲ್ಲರಿಗೂ ಕೇಳಿತು. ನಾನು ತಲೆ ಬಗ್ಗಿಸಲಿಲ್ಲ.

ಇನ್ನೊಂದು ವಿಷಯ. ಹೊರಡುವ ಬೆಳಿಗ್ಗೆ ನಾನು ಶಶಿಯನ್ನು ಎತ್ತಿಕೊಂಡು ಮೊದಲು ಹತ್ತಿ ಒಳಗೆ ಜಾಗ ಹಿಡಿದೆ. ಇವರು ಸಾಮಾನಿನೊಂದಿಗೆ ಬಸ್ಸಿನ ಮೇಲಿದ್ದರು. ಬೂಬನನ್ನು ನೀವೇ ಪೆಟ್ಟಿಗೆ ಇಟ್ಟು ಹತ್ತಿಸಿದಿರಿ ಎಂದುಕೊಂಡಿದ್ದೇನೆ. ಆ ಪೆಟ್ಟಿಗೆ ನಮ್ಮ ಸಾಮಾನಿನಲ್ಲಿ ಇಲ್ಲ. ಅಲ್ಲಿ ಉಳಿದಿದ್ದರೆ ಬರುವವರ ಕೈಯಲ್ಲಿ ಕಳುಹಿಸಿ. ಇವರು ಇಲ್ಲಿ ಮಾಡಿದ್ದು ಹೊತ್ತೊಯ್ಯಲು ಭಾರ, ಜೂನ್‌ನಲ್ಲಿ ಶಾಲೆಯ ಮೆಟ್ಟಿಲಿಗೆ ಅದು ಬೇಕಾದೀತು.

ಬೂಬನನ್ನು ಎತ್ತಬಾರದೆಂಬ ಹಟ ನಿಮಗೆ ಎಲ್ಲಿಂದ ಬಂತು ಎಂದು ಕೇಳಬೇಕೆಂದಿದ್ದೆ. ನಾಲ್ಕು ದಿನ ಜೊತೆಗಿದ್ದರೂ ಕೇಳಲಾಗಲಿಲ್ಲ. ಉತ್ತರ ಉದ್ದವಾದರೂ ಚಿಂತೆಯಿಲ್ಲ.

ನಿಮ್ಮ ಮೋಹಿನಿ


ಬೋಳಾರ, ಮಂಗಳೂರು,
4-5-1962

ಚಿ. ಸೌ. ಮೋಹಿನಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಎರಡನೆಯ ಬಾರಿಯೂ ಓದಿಸಿಕೊಂಡಳು.

ಮೊದಲು ನಿನ್ನ ಕೊನೆಯ ಪ್ರಶ್ನೆ. ದೀಪಾವಳಿಯಲ್ಲಿ ನಾವು ಜೋಗಕ್ಕೆ ಹೋದಾಗ ಐತಪ್ಪನವರು ಬೂಬನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ನೀನು ಶಶಿಯೊಂದಿಗೆ ಮುಂದಿದ್ದೆ. ಅಲ್ಲಿ ಕಟಾಂಜನದ ಬಳಿ ಮಕ್ಕಳು ಸರಳುಗಳ ಮಧ್ಯದಿಂದ ಇಣುಕಿ ನೋಡುತ್ತಿದ್ದರು. ಬೂಬ ನನ್ನ ಕಿವಿಯ ಬಳಿ ಬಗ್ಗಿ, “ಅಜ್ಜ, ಅಪ್ಪನಿಗೆ ಹೇಳಬೇಡ, ಬೇಜಾರಾಗುತ್ತೆ. ಮೇಲಿನಿಂದ ಎಲ್ಲ ಕಾಣುತ್ತೆ. ಆದರೆ ನನಗೆ ಕೆಳಗೆ ಇಳಿಯಬೇಕು” ಎಂದ. ಹೇಳಬೇಡವೆಂದು ಅವನು ಕೇಳಿಕೊಂಡಿದ್ದರಿಂದ ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಈಗ ಇಳಿದಿದ್ದಾನೆ, ಹೇಳಬಹುದೆಂದು ಭಾವಿಸುತ್ತೇನೆ.

ಎರಡನೆಯದು ಪೆಟ್ಟಿಗೆ. ಹೊರಡುವ ಬೆಳಿಗ್ಗೆ ಹಂಪನಕಟ್ಟೆಯಲ್ಲಿ ಕಾರ್ಕಳದ ಬಸ್ಸಿನ ಮುಂದೆ ಅದನ್ನು ಇಟ್ಟೆ. ಬೂಬ ಅದನ್ನು ನೋಡಿದ, ನನ್ನನ್ನು ನೋಡಿದ. ಪಟ್ಟಿಯ ಕಾಲಿನಿಂದಲೇ ಅದನ್ನು ಪಕ್ಕಕ್ಕೆ ನೂಕಿದ. ಎರಡೂ ಕೈ ಸರಳಿಗೆ, ಒಳ್ಳೆಯ ಕಾಲು ಮೊದಲು. ಮೊದಲ ಸಲ ಕಾಲು ಜಾರಿತು. ನನ್ನ ಕೈ ಅವನ ಬೆನ್ನಿನಿಂದ ಎರಡು ಇಂಚು ದೂರದಲ್ಲಿತ್ತು, ತಾಗಿಸಲಿಲ್ಲ. ಎರಡನೆಯ ಸಲ ಹತ್ತಿದ. ಆ ಬಸ್ಸಿನ ಮೆಟ್ಟಿಲು ಹದಿನಾರಲ್ಲ, ಹದಿನೇಳು ಇಂಚು. ಬಸ್ಸು ಹೊರಟ ಮೇಲೆ ನಾನು ಕಾರ್ಖಾನೆಯ ಕಡೆಗೆ ನಡೆದೆ. ಪೆಟ್ಟಿಗೆಯ ನೆನಪಾದದ್ದು ಮಧ್ಯಾಹ್ನ.

ಮರುದಿನ ಹೋಗಿ ನೋಡಿದೆ. ಫೆಬ್ರವರಿಯಲ್ಲಿ ನನ್ನನ್ನು ಎಬ್ಬಿಸಿದ ಹೂವಿನವಳು ಅದರ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. “ಇದು ನಿಮ್ಮದಾ ಫೋರ್‌ಮನ್ರೆ? ಒಳ್ಳೆ ಎತ್ತರ ಉಂಟು, ಸೊಂಟಕ್ಕೆ ಸುಖ” ಎಂದಳು. ನನ್ನದಲ್ಲ ಎಂದೆ. ಆದ್ದರಿಂದ ಅದನ್ನು ಕಳುಹಿಸುವ ಪ್ರಶ್ನೆ ಉದ್ಭವಿಸುವುದಿಲ್ಲ.

ಬರುವ ಎಪ್ರಿಲ್ ರಜೆಗೆ ಐತಪ್ಪನವರು ಈಗಲೇ ಅರ್ಜಿ ಹಾಕಲಿ. ಲೈಟ್‌ಹೌಸ್ ಗುಡ್ಡವನ್ನು ಪಟ್ಟಿಗೆ ಸೇರಿಸಿದ್ದೇನೆ. ಅದರ ಮೆಟ್ಟಿಲುಗಳನ್ನು ನಾನು ಅಳೆದಿಲ್ಲ, ಎಣಿಸಿಯೂ ಇಲ್ಲ. ಬೂಬ ಹತ್ತಲಿ. ಶಶಿ ಎಣಿಸಲಿ, ಅಷ್ಟರೊಳಗೆ ಅವಳಿಗೆ ಇಪ್ಪತ್ತರ ಮುಂದಿನದನ್ನು ಕಲಿಸು.

ದೂಮಪ್ಪ